ಸರ್ಕಾರದ ಎರಡು ಕಾಗದ, ದ್ರಾಕ್ಷಿ ತೋಟದ ಒಂದು ಮನೆ

ನ್ಯಾಯಾಧೀಶನಾಗುವ ಯೋಗ ನನಗೆ ಇಪ್ಪತ್ಮೂರನೆಯ ವಯಸ್ಸಿಗೇ ಕೂಡಿಬಂತು. ಸಂಜೆ ಆರರಿಂದ ಏಳರವರೆಗೆ ಮಾತ್ರ, ಆರ್.ಟಿ. ನಗರದ ಒಂದು ಮನೆಯ ಮುಂಗೋಣೆಯಲ್ಲಿ, ಹೆಗಲಿಗೆ ನಮ್ಮ ಸೀನಿಯರ್ ಅವರ ಟವೆಲ್ಲು ಹೊದ್ದುಕೊಂಡು. ಆ ಮುಂಗೋಣೆಯೇ ಅವರ ಆಫೀಸು. ಧಾರವಾಡದ ಕಡೆಯಿಂದ ಬಂದು ಬೆಂಗಳೂರಿನಲ್ಲಿ ವಕೀಲಿ ಹಿಡಿದವರು ಅವರು. ನಾನು ಆಗಷ್ಟೇ ಸನ್ನದು ತೆಗೆದುಕೊಂಡು ಅವರ ಕೈಕೆಳಗೆ ಸೇರಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳು. ಹೆಬ್ಬಾಳ ದಾಟಿದರೆ ಯಲಹಂಕದವರೆಗೂ ದ್ರಾಕ್ಷಿ ಚಪ್ಪರಗಳಿದ್ದ ಕಾಲ.

ಸೀನಿಯರ್ ಅವರಿಗೆ ಒಂದು ಪದ್ಧತಿಯಿತ್ತು. ಯಾವ ಕೇಸೇ ಇರಲಿ, ವಾದಕ್ಕೆ ಮುಂಚಿನ ಸಂಜೆಗಳಲ್ಲಿ ಆಫೀಸಿನಲ್ಲೇ ಪೂರ್ತಿ ಅಭ್ಯಾಸವಾಗಬೇಕು. ಅವರು ಕರಿ ಕೋಟು ಹಾಕಿಕೊಂಡು ಮೇಜಿನ ಈಚೆ ನಿಲ್ಲುವುದು. ನಾನು ಎತ್ತರ ಸಾಲದೆ ಎರಡು ದಪ್ಪ ಪುಸ್ತಕಗಳ ಮೇಲೆ ಕುಳಿತು, ಯಾವ ನ್ಯಾಯಾಧೀಶರ ಮುಂದೆ ಕೇಸು ಇದೆಯೋ ಅವರಾಗುವುದು. ವಕೀಲಿಯಲ್ಲಿ ನನಗಿದ್ದ ಆಸ್ತಿ ಅದೊಂದೇ. ಕಾನೂನು ಬರುತ್ತಿರಲಿಲ್ಲ, ಕಾನೂನು ಬಲ್ಲವರ ಕೆಮ್ಮು ಚೆನ್ನಾಗಿ ಬರುತ್ತಿತ್ತು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ನಡಿಗೆಯನ್ನು ಅವರ ಬೆನ್ನ ಹಿಂದೆಯೇ ನಡೆದು ತೋರಿಸಿ, ಅವರು ತಿರುಗಿದಾಗ ನಿಲ್ಲಿಸಲು ಮರೆತು ಸಿಕ್ಕಿಬಿದ್ದವನು ನಾನು.

ಈಗ ಹೇಳುತ್ತಿರುವ ಕೇಸು ಇದ್ದದ್ದು ಒಬ್ಬ ಬಡಕಲು ನ್ಯಾಯಾಧೀಶರ ಮುಂದೆ. ಕಾಗದ ಅಂದರೆ ಅವರಿಗೆ ಅನುಮಾನ. ಯಾರು ಏನು ಕೊಟ್ಟರೂ ಮುಂಬದಿ ನೋಡುವ ಮೊದಲು ತಿರುಗಿಸಿ ಹಿಂಬದಿ ನೋಡುತ್ತಿದ್ದರು. ಅದೂ ಮೂಗಿನ ಹತ್ತಿರ ಹಿಡಿದು, ಹಾಲು ಕೆಟ್ಟಿದೆಯೇ ಎಂದು ಪಾತ್ರೆ ಮೂಸುವವರ ಹಾಗೆ. ಇದನ್ನು ನಾನು ಮಾಡಿ ತೋರಿಸಿದರೆ ನಮ್ಮ ಟೈಪಿಸ್ಟ್ ನಗು ತಡೆಯಲಾರದೆ ಮೆಷಿನ್ನಿನ ಮೇಲೆ ತಲೆಯಿಟ್ಟುಬಿಡುತ್ತಿದ್ದ. “ಅರೆ, ಅದೇ ಮೂಗು ಸಾರ್,” ಎನ್ನುತ್ತಿದ್ದ. ಮನೆಯಲ್ಲಿ ದಖ್ಖನಿ ಉರ್ದು ಮಾತಾಡುವ, ಆಫೀಸಿನಲ್ಲಿ ನಮ್ಮೆಲ್ಲರಿಗಿಂತ ಶುದ್ಧ ಕನ್ನಡ ಟೈಪು ಮಾಡುವ ಆಸಾಮಿ.

ನಮ್ಮ ಕಕ್ಷಿದಾರಳು ಮೊದಲ ಸಲ ಬಂದದ್ದು ಇಂಥದೊಂದು ಸಂಜೆ. ಅಲ್ಲಾಳಸಂದ್ರದ ಕೆರೆಯ ಪಕ್ಕದ ದ್ರಾಕ್ಷಿ ತೋಟದಲ್ಲಿ ಇಪ್ಪತ್ತು ವರ್ಷದಿಂದ ಕೂಲಿ ಮಾಡುತ್ತಿದ್ದ ಹೆಂಗಸು. ಗಂಡ ತೀರಿಕೊಂಡಿದ್ದ. ಇಬ್ಬರು ಹೆಣ್ಣುಮಕ್ಕಳು ಯಲಹಂಕದ ಶಾಲೆಗೆ ಹೋಗುತ್ತಿದ್ದರು. ಬಾಗಿಲಲ್ಲಿ ನಿಂತು, ಟವೆಲ್ಲು ಹೊದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿ ಟೈಪಿಸ್ಟನನ್ನು ಕೇಳಿದಳು:

“ಇವ್ರೇನಾ ಜಡ್ಜು?”

“ಏಳು ಗಂಟೆ ತನಕ,” ಅಂದ ಅವನು.

“ಏಳರ ಮ್ಯಾಲೆ?”

“ಏಳರ ಮೇಲೆ ಬಸ್ ಹತ್ತಿ ಮನೆಗೋಗ್ತಾರೆ.”

“ಇಂಥೋರ ಕೈಗಾ ನಾನು ಮನೆ ಕೊಡಾಕ್ ಬಂದಿರಾದು,” ಎಂದು ಆಕೆ ಚಪ್ಪಲಿ ಹುಡುಕತೊಡಗಿದಳು. ಸೀನಿಯರ್ ಎದ್ದು ಹೋಗಿ, “ಬರ್ರಿ ತಾಯಿ, ಕೂಡ್ರಿ. ಅವ ಹುಚ್ಚ ಅಲ್ಲ, ನನ್ನ ಜೂನಿಯರ್ರು,” ಎಂದು ಕೂರಿಸಿದರು. ಎರಡಕ್ಕೂ ವ್ಯತ್ಯಾಸವೇನೆಂದು ಆಕೆಗೆ ಹೊಳೆಯಲಿಲ್ಲ; ನನಗೂ ಆ ವರ್ಷ ಪೂರ್ತಿ ಹೊಳೆಯಲಿಲ್ಲ.

ವಿಷಯ ಇಷ್ಟು. ತೋಟದ ಮೂಲೆಯಲ್ಲಿ ಆಕೆಯದು ಎರಡು ಕೋಣೆಯ ಹೆಂಚಿನ ಮನೆ. ಬೇರೆಯವರ ಜಮೀನಿನಲ್ಲಿ ದುಡಿದು ಅಲ್ಲೇ ಮನೆ ಕಟ್ಟಿಕೊಂಡಿರುವ ಕೃಷಿ ಕೂಲಿಗಾರರಿಗೆ ಆ ಮನೆ ಅವರದ್ದೇ ಆಗಬೇಕು ಎಂಬ ಕಾನೂನು ಬಂದಿತ್ತು. ಅದರಂತೆ ತಹಶೀಲ್ದಾರರು ಮನೆಯನ್ನು ಆಕೆಯ ಹೆಸರಿಗೆ ಬರೆದಿದ್ದರು. ತೋಟದ ಯಜಮಾನರು ಅದರ ಮೇಲೆ ಅಪೀಲು ಹೋದರು. ಆಕೆ ಕೃಷಿ ಕೂಲಿಗಾರಳೇ ಅಲ್ಲ, ಶೆಡ್ಡಿನಲ್ಲಿ ಕೂತು ಹಣ್ಣನ್ನು ಬುಟ್ಟಿಗೆ ತುಂಬುವವಳು, ಅದು ಮಾರಾಟದ ಕೆಲಸ, ಬೇಸಾಯವಲ್ಲ ಎಂಬುದು ಅವರ ವಾದ. ತೀರ್ಪಿಗೂ ಕಾಯದೆ ಆಕೆಯ ಬಾಗಿಲಿಗೂ ರಸ್ತೆಗೂ ನಡುವೆ ಮುಳ್ಳುತಂತಿ ಎಳೆಸಿದ್ದರು. ಮಕ್ಕಳು ಶಾಲೆಗೆ ಕೆರೆಯ ಏರಿಯ ಮೇಲೆ ಸುತ್ತಿ ಹೋಗಬೇಕಾಗಿತ್ತು. ಕೇಸು ಸೋತರೆ ಆ ಸುತ್ತುದಾರಿಯೂ ಬೇಕಾಗುವುದಿಲ್ಲ, ಮನೆಯೇ ಇರುವುದಿಲ್ಲ.

ಕಾನೂನಿನ ಪುಸ್ತಕದಲ್ಲಿ ಇದ್ದದ್ದು ‘ಜಮೀನಿನಲ್ಲಿ ದುಡಿದು ಬದುಕುವವರು’ ಎಂದಷ್ಟೇ. ಬುಟ್ಟಿ ತುಂಬುವವರ ಮಾತು ಅದರಲ್ಲಿ ಇರಲಿಲ್ಲ. ಆಗ ಆಕೆ ಎಲೆಯಡಿಕೆ ಚೀಲದಿಂದ ಎಂಟು ಮಡಿಕೆಯ ಒಂದು ಕಾಗದ ತೆಗೆದಳು. ಈ ಕಾನೂನಿನಿಂದ ಯಾರಿಗೆಲ್ಲ ಅನುಕೂಲ ಎಂದು ಜನರಿಗೆ ತಿಳಿಸಲು ಸರ್ಕಾರದ ಇಲಾಖೆಯೇ ಹಂಚಿದ್ದ ಕರಪತ್ರ. ಚಾವಡಿಯ ಗೋಡೆಗೆ ಅಂಟಿಸಿದ್ದನ್ನು ಆಕೆ ನಾಲ್ಕು ಜನ ಹೋದ ಮೇಲೆ ಕಿತ್ತು ತಂದಿದ್ದಳು. ಹಿಂಬದಿಗೆ ಗೋಡೆಯ ಸುಣ್ಣ ಹಾಗೇ ಮೆತ್ತಿಕೊಂಡಿತ್ತು. ಮುಂಬದಿಯಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು: ‘ಹಣ್ಣು ಬಿಡಿಸುವ, ವಿಂಗಡಿಸುವ, ಬುಟ್ಟಿಗೆ ತುಂಬುವ ಕೂಲಿಗಾರರೂ ಸೇರಿದಂತೆ.’

ಗೆದ್ದೆವು ಎಂದುಕೊಂಡೆ ನಾನು. ಸೀನಿಯರ್ ಮುಖ ಸಣ್ಣ ಮಾಡಿಕೊಂಡರು.

“ಸರಕಾರದ ಕಾಗದ ನಮ್ಮ ಪರ ಇಷ್ಟು ಛಲೋ ಮಾತಾಡ್ತದಂದ್ರ, ಏನೋ ಅದ ಇದರಾಗ.”

ಅನುಮಾನ ಬಂದವರು ಕಾಗದವನ್ನು ಇನ್ನೊಮ್ಮೆ ಓದಬೇಕಿತ್ತು. ಅವರು ಓದಲಿಲ್ಲ, ಅಡಗಿಸಿದರು. ಎದುರು ಪಕ್ಷಕ್ಕೆ ಸುಳಿವು ಸಿಕ್ಕೀತೆಂದು ಕಬ್ಬಿಣದ ಬೀರುವಿನಲ್ಲಿಟ್ಟು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಮತ್ತೆ ನನ್ನ ಕೈಗೂ ಕೊಡಲಿಲ್ಲ. “ನಿನ್ನ ಬಾಯಾಗ ಊರ ಮಂದಿಯ ಬಾಯಿ ಅವ. ಯಾವ ಬಾಯಿಂದ ಹೊರಗ ಬರ್ತದೋ ಏನೋ,” ಅಂದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಯಲಹಂಕದ ಬಸ್ಸಿನಲ್ಲಿ ನಾನು ನಮ್ಮ ಕೇಸುಗಳನ್ನೆಲ್ಲ ಎರಡೂ ಕಡೆಯವರ ಧ್ವನಿಯಲ್ಲಿ ವಾದ ಮಾಡಿ ತೋರಿಸುತ್ತಿದ್ದೆ.

ಹಾಗಾಗಿ ಅಭ್ಯಾಸದಲ್ಲಿ ಕರಪತ್ರದ ಬದಲು ಯಾರದೋ ಮದುವೆಯ ಲಗ್ನಪತ್ರಿಕೆ ಇಟ್ಟುಕೊಂಡೆವು. ಸೀನಿಯರ್ ಅದನ್ನು ಭಕ್ತಿಯಿಂದ ನನ್ನ ಕೈಗೆ ಕೊಡುತ್ತಿದ್ದರು. ನಾನು ತಿರುಗಿಸಿ, ಮೂಗಿಗೆ ಹಿಡಿದು, “ಊಟದ ಹೊತ್ತು ಬರ್ದಿಲ್ವಲ್ರೀ ಕೌನ್ಸೆಲ್,” ಎನ್ನುತ್ತಿದ್ದೆ. ಟೈಪಿಸ್ಟ್ ಮೆಷಿನ್ನಿನ ಮೇಲೆ ಬೀಳುತ್ತಿದ್ದ. ನನ್ನ ಪೀಠದಲ್ಲಿ ಆಕೆ ನಾಲ್ಕು ಸಂಜೆ ನಾಲ್ಕು ಸಲ ಗೆದ್ದಳು.

ವಾದದ ದಿನ ಬಂತು. ಸೀನಿಯರ್ ಕರಪತ್ರ ಕೊಟ್ಟು, “ಕಾನೂನು ತಂದದ್ದು ಸರ್ಕಾರ, ಯುವರ್ ಆನರ್. ಅದರ ಅರ್ಥ ಏನೆಂದು ಸರ್ಕಾರವೇ ಇಲ್ಲಿ ಹೇಳಿದೆ,” ಎಂದು ಗಂಭೀರವಾಗಿ ನಿಂತರು.

ನ್ಯಾಯಾಧೀಶರು ಎಂದಿನಂತೆ ಹಿಂಬದಿ ತಿರುಗಿಸಿ ಮೂಗಿಗೆ ಹಿಡಿದರು. ನಾನು ಕೆಳಗೆ ನೋಡಿ ನಗು ನುಂಗಿಕೊಂಡೆ. ಆಮೇಲೆ ಅವರು ಉಗುರಿನಿಂದ ಕೆರೆಯತೊಡಗಿದರು. ಸುಣ್ಣ ಪುಡಿಪುಡಿಯಾಗಿ ಫೈಲಿನ ಮೇಲೆ ಉದುರಿತು. ಸುಣ್ಣದ ಕೆಳಗೆ, ಕಾಗದದ ತುದಿಯಲ್ಲಿ, ಅಚ್ಚು ಹಾಕಿದವರು ತಾರೀಖಿನೊಂದಿಗೆ ಹಾಕುವ ಸಣ್ಣ ಅಕ್ಷರದ ಒಂದು ಸಾಲಿತ್ತು.

“ಕಾನೂನು ಬಂದು ಎರಡು ವರ್ಷ ಆದ್ಮೇಲೆ ಅಚ್ಚಾಗಿದೆ ಇದು. ಗೊತ್ತಿತ್ತಾ ನಿಮ್ಗೆ?”

ಸೀನಿಯರ್ ನನ್ನನ್ನು ನೋಡಿದರು. ನಾನು ಫ್ಯಾನು ನೋಡಿದೆ. ನ್ಯಾಯಾಧೀಶರು ಹಿಂಬದಿ ನೋಡುವುದನ್ನು ತಿಂಗಳುಗಟ್ಟಲೆ ಅನುಕರಣೆ ಮಾಡಿದ್ದೆ. ಅಲ್ಲಿ ಅವರು ಏನು ಹುಡುಕುತ್ತಾರೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

“ಕಾನೂನು ಮಾಡಿದ್ದು ಶಾಸನಸಭೆ,” ಎಂದರು ನ್ಯಾಯಾಧೀಶರು. “ಎರಡು ವರ್ಷ ಬಿಟ್ಟು ಇಲಾಖೇಲಿ ಕೂತು ಇದನ್ನ ಬರ್ದೋರು ಯಾರು? ಅವತ್ತು ಸಭೇಲಿ ಕೈ ಎತ್ತಿದ್ರಾ ಅವ್ರು?”

“ಇಲ್ಲ, ಯುವರ್ ಆನರ್.”

“ಹಾಗಾದ್ರೆ ಇದು ಕಾನೂನನ್ನ ಇಲಾಖೆ ಓದಿಕೊಂಡ ರೀತಿ. ನೀವೂ ಓದ್ತೀರಿ, ನಾನೂ ಓದ್ತೀನಿ, ಅವ್ರೂ ಓದಿದಾರೆ. ಅವ್ರ ಓದಿಗೆ ನಾನ್ಯಾಕೆ ಕಟ್ಟುಬೀಳ್ಬೇಕು?”

ಇಷ್ಟಕ್ಕೆ ಎದುರು ವಕೀಲರು ಎದ್ದರು. ದಪ್ಪ ಆಳು; ಮಾತಾಡುವ ಮುಂಚೆ ಎರಡೂ ಕೈಯಿಂದ ಪ್ಯಾಂಟು ಮೇಲಕ್ಕೆಳೆಯುವುದು ಅವರ ಅಭ್ಯಾಸ. ಒಳ್ಳೆಯ ವಾದವಿದ್ದ ದಿನ ಪ್ಯಾಂಟು ಎದೆಯ ತನಕ ಬರುತ್ತಿತ್ತು. ಅವತ್ತು ಬಹಳ ಮೇಲೆ ಬಂತು. ಅವರೂ ಒಂದು ಕಾಗದ ತೆಗೆದರು. ಅದೇ ಇಲಾಖೆಯ ಸುತ್ತೋಲೆ. ಪ್ಯಾಕಿಂಗ್ ಶೆಡ್ಡಿನಲ್ಲಿ ಕೆಲಸ ಮಾಡುವವರನ್ನು ಕೃಷಿ ಕೂಲಿಗಾರರೆಂದು ಪರಿಗಣಿಸತಕ್ಕದ್ದಲ್ಲ ಎಂದು ಅದರಲ್ಲಿ ಇತ್ತು. ಅವರು ಅದನ್ನು ಯಾವ ಬೀರುವಿನಲ್ಲಿ ಅಡಗಿಸಿಟ್ಟಿದ್ದರೋ.

ನ್ಯಾಯಾಧೀಶರು ಅದನ್ನೂ ತಿರುಗಿಸಿದರು. ಹಿಂಬದಿ ಖಾಲಿ. ಮುಂಬದಿಯ ತಾರೀಖಿನ ಮೇಲೆ ಬೆರಳಿಟ್ಟರು.

“ನೀವು ಅಪೀಲು ಹಾಕಿದ್ಮೇಲೆ ಹೊರಟಿದೆ ಈ ಸುತ್ತೋಲೆ. ನಿಮ್ಮ ಕಕ್ಷಿದಾರರಿಗೆ ಇಲಾಖೇಲಿ ಯಾರಾದ್ರೂ ಪರಿಚಯ ಇದಾರಾ?”

“ಇಲ್ಲ ಸಾರ್, ಅದು ಆಕಸ್ಮಿಕ,” ಅಂದರು ಅವರು. ಪ್ಯಾಂಟು ನಿಧಾನವಾಗಿ ಸ್ವಸ್ಥಾನಕ್ಕೆ ಇಳಿಯಿತು.

ಎರಡೂ ಕಾಗದಗಳನ್ನು ನ್ಯಾಯಾಧೀಶರು ಪಕ್ಕಪಕ್ಕ ಇಟ್ಟುಕೊಂಡರು. “ಒಂದೇ ಇಲಾಖೆ. ಒಂದ್ ಮಾತು ಇವ್ರ ಜೇಬಲ್ಲಿ, ಇನ್ನೊಂದ್ ಮಾತು ಅವ್ರ ಜೇಬಲ್ಲಿ. ನಾನು ಎರಡನ್ನೂ ತಗೊಳಲ್ಲ. ಮಸೂದೆ ಮಂಡಿಸಿದಾಗ ಅದರ ಜೊತೆ ಉದ್ದೇಶದ ಹೇಳಿಕೆ ಕೊಟ್ಟಿರ್ತಾರೆ. ಅದು ಕಾನೂನಿಗೆ ಮುಂಚಿನದು. ಯಾವ ಕಾಯಿಲೆಗೆ ಈ ಔಷಧಿ ಅಂತ ತಿಳ್ಕೊಳ್ಳೋಕೆ ಅದನ್ನ ನೋಡ್ಬಹುದು. ಔಷಧಿಯಲ್ಲಿ ಏನಿದೆ ಅನ್ನೋದಕ್ಕೆ ಕಾನೂನನ್ನೇ ಓದ್ಬೇಕು. ತಂದಿದೀರಾ ಆ ಹೇಳಿಕೆ?”

ನಾವು ತಂದಿರಲಿಲ್ಲ. ಅವರೂ ತಂದಿರಲಿಲ್ಲ. ನಾಳಿದ್ದಿಗೆ ಹಾಕಿದರು. ತೆಗೆದುಕೊಳ್ಳುವುದಿಲ್ಲ ಎಂದ ಎರಡು ಕಾಗದಗಳನ್ನು ಮಾತ್ರ ಯಾರಿಗೂ ವಾಪಸು ಕೊಡಲಿಲ್ಲ. ಬೆಂಚ್ ಕ್ಲರ್ಕು ಎರಡನ್ನೂ ಜೋಡಿಸಿ ಫೈಲಿಗೆ ದಾರ ಹಾಕಿದ್ದನ್ನು ನಾನು ಕಣ್ಣಾರೆ ನೋಡಿದೆ.

ಕೋರ್ಟಿನಿಂದ ಆಕೆಯೂ ನಾನೂ ಒಂದೇ ಬಸ್ಸಿನಲ್ಲಿ ವಾಪಸು ಹೊರಟೆವು. ಹೆಬ್ಬಾಳ ಬಂದಾಗ ಆಕೆ ಕೇಳಿದಳು.

“ಚೀಟಿ ಸುಳ್ಳಾ?”

“ಸುಳ್ಳಲ್ಲಮ್ಮ, ತಡವಾಗಿ ಬಂದಿದೆ.”

“ಗೌರ್ಮೆಂಟಿಂದು ಯಾವುದು ಒತ್ತಿಗೆ ಸರಿಯಾಗಿ ಬಂದದೆ? ತಡ ಆದ್ರೆ ಸುಳ್ಳಾಗೋಯ್ತದಾ?” ಎಂದು ಕಿಟಕಿಯ ಕಡೆ ತಿರುಗಿ, ಮತ್ತೆ ಈ ಕಡೆ ತಿರುಗಿದಳು. “ಅದ್ಸರಿ, ಆ ದಪ್ಪಗಿರೋ ಲಾಯರ್ ಜೊತೆ ಕೈ ಕುಲುಕಿ ನಗ್ತಿದ್ದ್ಯಲ್ಲ, ಏನದು?”

“ಅದು ಮರ್ಯಾದೆಗೆ, ಅಮ್ಮ.”

“ಮರ್ಯಾದೆಗೆ ಅಷ್ಟು ಅಲ್ಲು ಕಾಣ್ಬೇಕಾ?”

ನಾನು ಬಸ್ಸಿನ ಟಿಕೆಟ್ಟು ತೆಗೆದು ಅದರ ಹಿಂಬದಿ ನೋಡತೊಡಗಿದೆ.

ಮರುದಿನ ಪೂರ್ತಿ ಲೈಬ್ರರಿಯಲ್ಲಿ ಧೂಳು ಕುಡಿದು ಆ ಹೇಳಿಕೆ ಹುಡುಕಿದೆ. ಅದರಲ್ಲಿ ದ್ರಾಕ್ಷಿಯೂ ಇರಲಿಲ್ಲ, ಬುಟ್ಟಿಯೂ ಇರಲಿಲ್ಲ. ಪರರ ಜಮೀನಿನಲ್ಲಿ ದುಡಿಯುವವರು ಯಜಮಾನರ ಮುನಿಸಿಗೆ ತಲೆಯ ಮೇಲಿನ ಸೂರು ಕಳೆದುಕೊಳ್ಳುವಂತಾಗಬಾರದು, ಅಷ್ಟೇ. ಕೈಯಲ್ಲಿ ನಕಲು ಮಾಡಿಕೊಂಡೆ. ಈ ಸಲ ಹಿಂಬದಿ, ಮುಂಬದಿ, ರಟ್ಟು, ಹೊಲಿಗೆ ಎಲ್ಲ ನೋಡಿದೆ. ಪುಸ್ತಕ ಕೊಟ್ಟವರು ನನ್ನನ್ನು ಪುಟ ಹರಿಯುವ ಕಳ್ಳನೆಂದುಕೊಂಡು ಎದುರಿಗೇ ಕುರ್ಚಿ ಹಾಕಿಕೊಂಡು ಕೂತರು.

ಅದರ ಮಾರನೆಯ ದಿನ ಕೋರ್ಟಿನಲ್ಲಿ ನ್ಯಾಯಾಧೀಶರು ಆ ಒಂದು ವಾಕ್ಯವನ್ನು ಓದಿ ತಲೆಯಾಡಿಸಿದರು. “ಕಾಯಿಲೆ ಗೊತ್ತಾಯ್ತು,” ಅಂದರು. ಆಮೇಲೆ ಸೀನಿಯರ್ ಕಡೆ ನೋಡಿ, “ಈಯಮ್ಮ ವರ್ಷ ಪೂರ್ತಿ ಏನ್ ಕೆಲಸ ಮಾಡ್ತಾರೆ?” ಎಂದರು.

ಸೀನಿಯರ್ ನನ್ನ ಕಡೆ ನೋಡಿದರು. ನಾನು ಫೈಲು ತಿರುವಿದೆ. ಶೆಡ್ಡಿನಲ್ಲಿ ಬುಟ್ಟಿ ತುಂಬುತ್ತಾಳೆ ಎಂದು ಯಜಮಾನರು ಹೇಳಿದ್ದನ್ನು ನಾವು ಹಾಗೆಯೇ ಒಪ್ಪಿಕೊಂಡು, ಅದಕ್ಕೆ ಸರ್ಕಾರದ ಕಾಗದ ಹುಡುಕುತ್ತ ಓಡಾಡಿದ್ದೆವು. ಆಕೆಯನ್ನೇ ಕೇಳಬೇಕೆಂದು ಇಬ್ಬರಿಗೂ ಅನ್ನಿಸಿರಲಿಲ್ಲ. ನಾಲ್ಕು ಸಂಜೆ ನ್ಯಾಯಾಧೀಶನಾಗಿ ಕೂತ ನಾನು ಒಂದು ಸಲವೂ ಈ ಪ್ರಶ್ನೆ ಕೇಳಿರಲಿಲ್ಲ. ಕೆಮ್ಮುವುದರಲ್ಲೇ ಮುಳುಗಿದ್ದೆ.

ನ್ಯಾಯಾಧೀಶರು ಆಕೆಯನ್ನೇ ಮುಂದೆ ಕರೆದು ಕೇಳಿದರು.

“ಯಾಕೆ ಕೇಳ್ತೀರ ಸಾಮಿ?” ಅಂದಳು ಆಕೆ.

ಕೋರ್ಟಿನಲ್ಲಿ ಒಂದಿಬ್ಬರು ನಕ್ಕರು. ನ್ಯಾಯಾಧೀಶರು ನಗಲಿಲ್ಲ. “ನಿಮ್ಮ ಮನೆ ವಿಷಯ ಅಮ್ಮ. ಹೇಳಿ.”

“ಕೊಂಬೆ ಕತ್ತರ್ಸೋ ಕಾಲ್ದಾಗೆ ಕತ್ತರುಸ್ತೀನಿ. ಚಪ್ಪರಕ್ಕೆ ಬಳ್ಳಿ ಕಟ್ತೀನಿ. ಕಳೆ ತೆಗಿತೀನಿ, ಗೊಬ್ರ ಆಕ್ತೀನಿ, ನೀರು ತಿರುಗುಸ್ತೀನಿ. ಅಣ್ಣು ಬಂದಾಗ ಬುಡುಸ್ತೀನಿ, ಒಳ್ಳೇದು ಕೆಟ್ಟಿದ್ದು ಆರುಸ್ತೀನಿ, ಬುಟ್ಟಿಗೆ ತುಂಬ್ತೀನಿ. ಅಣ್ಣು ಬರಾದು ವರ್ಸಕ್ಕೆ ಎಲ್ಡು ಕಿತ. ಮಿಕ್ಕಿದ್ ದಿನ ಖಾಲಿ ಬುಟ್ಟಿ ಮುಂದೆ ಕುಂತ್ಕಂಡು ಅದರ ಮಕ ನೋಡ್ತಾ ಇರ್ಲಾ ಸಾಮಿ?”

ಎದುರು ವಕೀಲರು ಎದ್ದರು. ಪ್ಯಾಂಟಿಗೆ ಕೈ ಹಾಕಿದರು. ಏನನ್ನೋ ಯೋಚಿಸಿ ಕೂತುಬಿಟ್ಟರು.

ಕೆಲವು ವಾರಗಳ ಮೇಲೆ ತೀರ್ಪು ಬಂತು. ಅಪೀಲು ವಜಾ, ಮನೆ ಆಕೆಯದೇ. ಆ ನ್ಯಾಯಾಧೀಶರು ಕನ್ನಡದಲ್ಲೇ ತೀರ್ಪು ಬರೆಯುತ್ತಿದ್ದರು. ಆಗ ಅದು ಅಪರೂಪ. ನಕಲು ಕೈಗೆ ಬಂದ ಸಂಜೆ ಆಫೀಸಿನಲ್ಲಿ ಕೂತು ನಾನು ಓದಿದೆ. ‘ಎರಡೂ ಕಡೆಯವರು ಹಾಜರುಪಡಿಸಿದ ಇಲಾಖೆಯ ಕಾಗದಗಳನ್ನು ಈ ನ್ಯಾಯಾಲಯವು ಆಧರಿಸಿಲ್ಲ’ ಎಂದಿತ್ತು. ಎರಡು ಪ್ಯಾರಾ ಕೆಳಗೆ ಇನ್ನೊಂದು ವಾಕ್ಯ: ‘ಹಣ್ಣು ಬಿಡಿಸುವ, ವಿಂಗಡಿಸುವ, ಬುಟ್ಟಿಗೆ ತುಂಬುವ ಕೆಲಸವು ಜಮೀನಿನ ದುಡಿಮೆಯ ಕೊನೆಯ ಹಂತವೇ ಹೊರತು ಬೇರೆ ಕಸುಬಲ್ಲ.’

“ಸಾರ್, ಇದು ಕರಪತ್ರದ ಸಾಲು,” ಎಂದೆ.

“ಆ ಹೆಣ್ಣುಮಗಳೇ ಅಂದಿದ್ದಳಲ್ಲೋ.”

“ಆಕೆ ಆರುಸ್ತೀನಿ ಅಂದ್ಲು ಸಾರ್. ವಿಂಗಡಿಸುವ ಅಂದಿದ್ದು ಕರಪತ್ರ. ಅಕ್ಷರ ಅಕ್ಷರಾನೂ ಅದೇ ಇದೆ.”

ಸೀನಿಯರ್ ತೀರ್ಪನ್ನು ನನ್ನ ಕೈಯಿಂದ ತೆಗೆದುಕೊಂಡು ನೋಡಿದರು. “ಒಮ್ಮೆ ಓದಿದ್ದನ್ನ ಓದೇ ಇಲ್ಲಂತ ಮಾಡ್ಲಿಕ್ಕೆ ಬರ್ತದೇನಪಾ? ಅವರು ಓದ್ಯಾರ, ಬದಿಗೂ ಇಟ್ಟಾರ. ಎರಡೂ ಖರೇನ.”

“ಸುತ್ತೋಲೆಯನ್ನೂ ಓದಿದ್ರಲ್ಲ ಸಾರ್. ಅದರ ಮಾತು ತಲೇಲಿ ಉಳ್ಕೊಂಡಿದ್ರೆ?”

ಅವರು ಟೈಪಿಸ್ಟನಿಗೆ ಚಹಾ ತರಿಸಲು ಹೇಳಿದರು. ಇವತ್ತಿಗೂ ಯಾವ ತೀರ್ಪಿನಲ್ಲಾದರೂ ‘ಆಧರಿಸಿಲ್ಲ’ ಎಂಬ ಮಾತು ಕಂಡರೆ, ಎರಡು ಪ್ಯಾರಾ ಕೆಳಗೆ ಇಳಿದು ನೋಡುತ್ತೇನೆ.

ಮಾರನೆಯ ಮಧ್ಯಾಹ್ನ ನಕಲು ಹಿಡಿದು ಅಲ್ಲಾಳಸಂದ್ರಕ್ಕೆ ಹೋದೆ. ತಂತಿ ಹಾಗೇ ಇತ್ತು. ಆಕೆ ತಂತಿಯ ಆಚೆ ಬಾಗಿಲಲ್ಲಿ ನಿಂತಿದ್ದಳು. ತೋಟದ ಮೇಸ್ತ್ರಿ ಈಚೆ ನಿಂತಿದ್ದ. ಅವನಿಗೆ ಸುದ್ದಿ ಮುಂಚೆಯೇ ಬಂದಿತ್ತು, ಅರ್ಧ.

“ಗೌರ್ಮೆಂಟ್ ಚೀಟಿ ನಂಬ್ನಿಲ್ವಂತಲ್ಲ ಜಡ್ಜು?”

“ಆಧರಿಸಿಲ್ಲ ಅಂತ ಬರೆದಿದಾರೆ.”

“ಅಂಗಂದ್ರೆ ನಂಬಿಲ್ಲ ಅಂತ ತಾನೆ? ಮತ್ತೆ ಈವಮ್ಮ ಗೆದ್ದಿದ್ದು ಎಂಗೆ?”

ನಾನು ವಿವರಿಸಲು ನಿಂತೆ. ಕಾನೂನಿಗೆ ಮುಂಚಿನ ಕಾಗದ ಬೇರೆ, ಆಮೇಲಿನ ಕಾಗದ ಬೇರೆ, ಕಾಯಿಲೆ ಬೇರೆ, ಔಷಧಿ ಬೇರೆ. ಮಾತು ಯಾವಾಗ ನ್ಯಾಯಾಧೀಶರ ಧ್ವನಿಗೆ ಹೊರಳಿತೋ ನನಗೇ ತಿಳಿಯಲಿಲ್ಲ. ಮೇಸ್ತ್ರಿ ಬಾಯಿ ತೆರೆದು ಕೇಳುತ್ತಿದ್ದ.

“ಲಾಯರಪ್ಪ,” ಎಂದು ಆಕೆ ತಂತಿಯ ಆಚೆಯಿಂದ ತಡೆದಳು. “ಅವ್ರು ಏನ್ ನಂಬುದ್ರೋ, ಏನ್ ಬುಟ್ರೋ, ಅದು ಅವರ ಇಷ್ಟ. ಕೊನೇ ಸಾಲು ಓದು.”

ಓದಿದೆ. ಮನೆ ಆಕೆಯದು, ರಸ್ತೆಗೆ ದಾರಿ ಬಿಡತಕ್ಕದ್ದು ಎಂದಿತ್ತು. ಮೇಸ್ತ್ರಿ ಇನ್ನೊಮ್ಮೆ ಓದಿಸಿದ. ಆಮೇಲೆ ಹೋಗಿ ಇಕ್ಕಳ ತಂದ. ನಾಲ್ಕು ಎಳೆಯ ತಂತಿಯಲ್ಲಿ ಮೇಲಿನ ಮೂರು ಕತ್ತರಿಸಿ, ನೆಲದ ಹತ್ತಿರದ ಎಳೆ ಬಿಟ್ಟು ಎದ್ದು ನಿಂತ.

“ಇದೊಂದು ನಾಳಿಕೆ ಮಾಡ್ತೀನಿ. ಯಜಮಾನ್ರನ್ನ ಒಂದ್ ಮಾತು ಕೇಳ್ಬೇಕು.”

“ನಾಳಿಕೆ ಅಂದ್ರೆ ಇನ್ನೊಂದು ಕಾಗ್ದ ಬತ್ತದೆ,” ಅಂದಳು ಆಕೆ. ಅವನು ನನ್ನ ಮುಖ ನೋಡಿದ. ನಾನು ತೀರ್ಪಿನ ಪ್ರತಿಯನ್ನು ಅವನ ಕಡೆ ಚಾಚಿದೆ. ಮುಟ್ಟಲಿಲ್ಲ, ಆದರೆ ಬಗ್ಗಿ ಕೊನೆಯ ಎಳೆಯನ್ನೂ ಕತ್ತರಿಸಿದ.

ಈಗ ಆಕೆ ರಸ್ತೆಗೆ ನಡೆದು ಬರುತ್ತಾಳೆ, ಒಂದೆರಡು ಒಳ್ಳೆಯ ಮಾತು ಆಡುತ್ತಾಳೆ ಎಂದು ನಾನು ಅಂಗಿ ಸರಿಮಾಡಿಕೊಂಡೆ. ಆಕೆ ಬರಲಿಲ್ಲ. ಸೆರಗನ್ನು ಕೈಗೆ ಸುತ್ತಿಕೊಂಡು, ಬಿದ್ದಿದ್ದ ತಂತಿಯನ್ನೆಲ್ಲ ಮುಳ್ಳು ತಾಗದಂತೆ ಸುರುಳಿ ಸುತ್ತಿ ಎತ್ತಿಕೊಂಡಳು.

“ತಂತಿ ಯಜಮಾನ್ರುದು ಕಣಮ್ಮ,” ಅಂದ ಮೇಸ್ತ್ರಿ.

“ಅವ್ರೇ ಬಂದು ಕೇಳ್ಲಿ, ಕೊಡ್ತೀನಿ,” ಎಂದು ಆಕೆ ಸುರುಳಿಯನ್ನು ಒಳಗೆ ತೆಗೆದುಕೊಂಡು ಹೋಗಿ ಚಿಲಕ ಹಾಕಿಕೊಂಡಳು.